ಬಿನ್ನವತ್ತಳೆ ಬರೆಯುವ ಕಷ್ಟ

ಶಾಲೆಯಲ್ಲಿ ಕನ್ನಡ ಕಲಿಸುವವರಿಗೆ ಸರಕಾರ ವಹಿಸುವ ಕೆಲಸಗಳ ಜೊತೆಗೆ ಊರು ವಹಿಸುವ ಕೆಲಸಗಳೂ ಇರುತ್ತವೆ. ಲಗ್ನಪತ್ರಿಕೆಯ ಕಾಗುಣಿತ ತಿದ್ದಬೇಕು, ಆಟದ ಹ್ಯಾಂಡ್‌ಬಿಲ್ಲಿಗೆ ನಾಲ್ಕು ಸಾಲು ಬರೆಯಬೇಕು, ಯಾರಾದರೂ ತೀರಿಕೊಂಡರೆ ಶ್ರದ್ಧಾಂಜಲಿಯ ಮಾತು ಹೊಂದಿಸಬೇಕು. ಇವುಗಳಲ್ಲಿ ನನಗೆ ಅತಿ ಕಷ್ಟದ್ದೆಂದರೆ ಬಿನ್ನವತ್ತಳೆ. ಸತ್ತವರ ಬಗ್ಗೆ ಬರೆಯುವಾಗ ಮನಸ್ಸು ತಾನಾಗಿ ಮೆತ್ತಗಾಗುತ್ತದೆ. ಬದುಕಿದ್ದವರನ್ನು ಎದುರು ಕೂರಿಸಿಕೊಂಡು ಹೊಗಳುವುದಕ್ಕೆ ಬೇರೆಯದೇ ಎದೆಗಾರಿಕೆ ಬೇಕು.

2025ರ ಮೇ ತಿಂಗಳ ಒಂದು ಮಧ್ಯಾಹ್ನ ಅಂಕೋಲೆಯಿಂದ ಇಬ್ಬರು ಕಾರವಾರದ ನಮ್ಮ ಮನೆಗೆ ಬಂದರು. ಒಬ್ಬರು ನನ್ನ ಹಳೆಯ ಶಾಲೆಯ ಸುಧಾರಣಾ ಸಮಿತಿಯವರು. ಇನ್ನೊಬ್ಬರು ಯಾವ ಸಮಿತಿ ಹುಟ್ಟಿದರೂ ಅದಕ್ಕೆ ಕಾರ್ಯದರ್ಶಿಯಾಗಿ ಬಿಡುವವರು. ಪಾನಕ ಕುಡಿದು ಮುಗಿಸಿ ವಿಷಯಕ್ಕೆ ಬಂದರು. ನಾನು ಏಳನೆಯ ಇಯತ್ತೆಯಲ್ಲಿ ಕಲಿಸಿದ ಹುಡುಗನೊಬ್ಬ ಈಗ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಅಧಿಕಾರಿ. ಅವನಿಗೆ ತಂತ್ರಜ್ಞಾನ ಕ್ಷೇತ್ರದ ಶ್ರೇಷ್ಠ ನಾಯಕ ಎಂದು ಒಂದು ಪ್ರಶಸ್ತಿ ಬಂದಿದೆ. ಊರಿನಲ್ಲಿ ಸತ್ಕಾರ ಇಟ್ಟುಕೊಂಡಿದ್ದಾರೆ. ‘ಬಿನ್ನವತ್ತಳೆ ನೀವೇ ಬರೀಬೇಕು ಅಕ್ಕೋರೆ, ನಿಮ್ಮ ಶಿಷ್ಯ’ ಎಂದರು. ಆಧಾರಕ್ಕಿರಲಿ ಎಂದು ಬೆಂಗಳೂರಿನಲ್ಲಿ ಕೊಟ್ಟ ಇಂಗ್ಲಿಷ್ ಪ್ರಶಸ್ತಿಪತ್ರದ ಜೆರಾಕ್ಸ್ ಪ್ರತಿಯನ್ನೂ ಕೊಟ್ಟು ಹೋದರು.

ಹುಡುಗನನ್ನು ಕಂಡರೆ ನನಗೆ ಪ್ರೀತಿಯೇ. ಗಣಿತದಲ್ಲಿ ಚುರುಕು, ಕನ್ನಡದಲ್ಲಿ ಅಲ್ಪಪ್ರಾಣ ಮಹಾಪ್ರಾಣದ ಗೊಂದಲ. ಸಂತೋಷದಿಂದಲೇ ರಾತ್ರಿ ಆ ಎರಡು ಪುಟ ಹಿಡಿದು ಕೂತೆ. ಮೂರು ದಿನ ಕೂತರೂ ಒಂದು ಸಾಲು ಮುಂದೆ ಹೋಗಲಿಲ್ಲ. ನನ್ನ ಇಂಗ್ಲಿಷ್ ಅಂಕೋಲೆಯ ಗೋಖಲೆ ಶತಾಬ್ದಿ ಕಾಲೇಜಿನಲ್ಲಿ ಬಿ.ಎ. ಮಾಡಿದಷ್ಟಿನ ಇಂಗ್ಲಿಷ್. ಆದರೆ ಕಷ್ಟ ಅದರಿಂದ ಬಂದದ್ದಲ್ಲ, ಎಲ್ಲ ಶಬ್ದಗಳೂ ನನಗೆ ಗೊತ್ತಿದ್ದವು. ದೂರದೃಷ್ಟಿ, ನಾಯಕತ್ವ, ನಾವೀನ್ಯ, ಪರಿವರ್ತನೆಯ ಹರಿಕಾರ, ಉತ್ಕೃಷ್ಟತೆಗೆ ಬದ್ಧತೆ. ಎರಡು ಪುಟದಲ್ಲಿ ಇವು ತಿರುತಿರುಗಿ ಬಂದವು. ಆ ಹುಡುಗ ಬೆಳಿಗ್ಗೆ ಎದ್ದು ಕಚೇರಿಗೆ ಹೋಗಿ ಏನು ಮಾಡುತ್ತಾನೆ, ಅವನು ಮಾಡಿದ್ದರಿಂದ ಯಾರ ಯಾವ ಕೆಲಸ ಸುಲಭವಾಯಿತು ಎಂಬ ಒಂದು ವಾಕ್ಯ ಮಾತ್ರ ಎಲ್ಲಿಯೂ ಇರಲಿಲ್ಲ. ಅಂಕಿಗಳೇನೋ ಇದ್ದವು: ಅವನ ವಿಭಾಗ ಇಷ್ಟು ಪಟ್ಟು ಬೆಳೆಯಿತು, ಅವನ ಕೈಕೆಳಗೆ ಇಷ್ಟು ಸಾವಿರ ಜನ.

ಮಕ್ಕಳು ‘ನನ್ನ ಮೆಚ್ಚಿನ ನಾಯಕ’ ಎಂದು ಪ್ರಬಂಧ ಬರೆದಾಗ ನಾನು ಮಾಡಿಸುವ ಒಂದು ಪರೀಕ್ಷೆಯಿದೆ. ಗಾಂಧೀಜಿ ಎಂದಿರುವ ಕಡೆ ಪೆನ್ಸಿಲಿನಿಂದ ಬೇರೆ ಹೆಸರು ಬರೆಯಿರಿ, ಆಗಲೂ ವಾಕ್ಯ ಸರಿಯಾಗಿಯೇ ಕಂಡರೆ ಅದನ್ನು ಹೊಡೆದುಹಾಕಿ ಎನ್ನುತ್ತೇನೆ. ‘ಅವರು ಮಹಾನ್ ವ್ಯಕ್ತಿ’ ಹೋಗುತ್ತದೆ. ‘ಉಪ್ಪು ಮಾಡಲು ದಾಂಡಿಗೆ ನಡೆದರು’ ಉಳಿಯುತ್ತದೆ. ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಹೆಸರು ಮಾಡಿದ ಅಂಕೋಲೆಯ ಮಕ್ಕಳಿಗೆ ಈ ಉದಾಹರಣೆ ಬೇಗ ಹತ್ತುತ್ತದೆ. ಅದೇ ಪರೀಕ್ಷೆಯನ್ನು ಈ ಪ್ರಶಸ್ತಿಪತ್ರಕ್ಕೆ ಹಚ್ಚಿದೆ. ನನ್ನ ಶಿಷ್ಯನ ಹೆಸರು ತೆಗೆದು ನಮ್ಮ ಬೀದಿಯ ಬೇಕರಿ ಯಜಮಾನರ ಹೆಸರು ಹಾಕಿದೆ. ಪತ್ರಕ್ಕೆ ಏನೂ ಆಗಲಿಲ್ಲ. ಬೇಕರಿಯವರಿಗೆ ಅದು ತುಸು ಚೆನ್ನಾಗಿಯೇ ಒಪ್ಪಿತು, ಯಾಕೆಂದರೆ ಅವರು ಟೋಸ್ಟಿನಲ್ಲಿ ನಿಜಕ್ಕೂ ಹೊಸತು ಮಾಡಿದ್ದಾರೆ.

ಇಂಥ ಪ್ರಶಸ್ತಿಗಳು ಹೇಗೆ ಬರುತ್ತವೆಂದು ಬೆಂಗಳೂರಿನಲ್ಲಿರುವ ನನ್ನ ಭಾವನ ಮಗನನ್ನು ಕೇಳಿದೆ. ಹಲವು ಕಡೆ ಕಂಪನಿಯವರೇ ಅರ್ಜಿ ತುಂಬಿ ಕಳಿಸಬೇಕಂತೆ. ಕೆಲವಕ್ಕೆ ಅರ್ಜಿಯ ಜೊತೆ ಶುಲ್ಕವೂ ಉಂಟು. ಸಮಾರಂಭಕ್ಕೆ ಹಣ ಕೊಡುವವರೂ ಅದೇ ಉದ್ಯಮದವರು, ಹೋಟೆಲಿನ ಊಟದ ಮೇಜು ಕೊಳ್ಳುವವರೂ ಅವರೇ. ಅರ್ಜಿ ಹಾಕುವುದೇ ತಪ್ಪೆಂದು ನಾನು ಹೇಳಲಾರೆ. ಪದ್ಮ ಪ್ರಶಸ್ತಿಗೂ ಯಾರು ಯಾರ ಹೆಸರನ್ನಾದರೂ ಸೂಚಿಸಬಹುದು, ತಮ್ಮ ಹೆಸರನ್ನೇ ಸೂಚಿಸಿಕೊಳ್ಳುವುದಕ್ಕೂ ಅವಕಾಶವಿದೆ. ಆದರ್ಶ ಶಿಕ್ಷಕ ಪ್ರಶಸ್ತಿಗೆ ನಮ್ಮ ಶಿಕ್ಷಕರೂ ಫೈಲು ಕಟ್ಟುತ್ತಾರೆ. ಆದರೆ ತಾನೇ ತುಂಬಿದ ಅರ್ಜಿಯ ಮಾತುಗಳು ಮರಳಿ ತನ್ನ ಕೈಗೇ ಚೌಕಟ್ಟು ಹಾಕಿ ಬಂದರೆ ಅದು ಸನ್ಮಾನವೋ ರಸೀದಿಯೋ? ಈ ದೃಷ್ಟಿಯಿಂದ ಬೆಂಗಳೂರಿನ ತಂತ್ರಜ್ಞಾನ ಮೇಳದಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕಿನವರು ರಫ್ತಿನ ಲೆಕ್ಕ ನೋಡಿ ಕೊಡುವ ಪ್ರಶಸ್ತಿಯೇ ಪ್ರಾಮಾಣಿಕ ಎನಿಸುತ್ತದೆ. ಹೆಚ್ಚು ರಫ್ತು ಮಾಡಿದಿರಿ, ತೆಗೆದುಕೊಳ್ಳಿ ಎಂದಷ್ಟೇ ಅದು ಹೇಳುತ್ತದೆ, ದೂರದೃಷ್ಟಿಯ ಗೊಡವೆಗೆ ಹೋಗುವುದಿಲ್ಲ.

ತಂತ್ರಜ್ಞಾನದ ದೊಡ್ಡವರಿಗೆ ಸನ್ಮಾನವೇ ಬೇಡವೆಂಬ ವಾದ ನನ್ನದು ಎಂದು ಓದುಗರು ಭಾವಿಸಬಾರದು. ಎನ್.ಆರ್. ನಾರಾಯಣಮೂರ್ತಿಯವರಿಗೆ 2000ದಲ್ಲಿ ಪದ್ಮಶ್ರೀ, 2008ರಲ್ಲಿ ಪದ್ಮವಿಭೂಷಣ ಬಂದಾಗ ಏಕೆ ಬಂತೆಂದು ನನ್ನ ಶಾಲೆಯ ಮಕ್ಕಳಿಗೆ ಹೇಳಲು ಕಷ್ಟವಾಗಲಿಲ್ಲ. ಏಳು ಜನ ಸೇರಿ 1981ರಲ್ಲಿ ಶುರುಮಾಡಿದ ಕಂಪನಿ ನೌಕರರಿಗೂ ಷೇರು ಹಂಚಿತು ಎಂದರೆ ಸಾಕು. 2022ರಲ್ಲಿ ಸತ್ಯ ನಾದೆಲ್ಲ, ಸುಂದರ್ ಪಿಚೈ ಇಬ್ಬರಿಗೂ ಪದ್ಮಭೂಷಣ ಬಂದಾಗ ಮಾತ್ರ ತಡವರಿಸಿದೆ. ನಾದೆಲ್ಲ ನಮ್ಮ ಕರಾವಳಿಯ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದವರೆಂದು ಹೇಳಿ ಸುಧಾರಿಸಿಕೊಂಡೆ. ‘ಅಕ್ಕೋರೆ, ಅದು ಅವರಿಗೆ ಕೊಟ್ಟದ್ದೋ ಅವರ ಕುರ್ಚಿಗೋ?’ ಎಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಗಂಟೆ ಬಾರಿಸಿದ್ದು ನನ್ನ ಪುಣ್ಯ.

ನನ್ನ ಮನಸ್ಸಿನಲ್ಲಿ ಇಂದಿಗೂ ಉಳಿದಿರುವುದು 2020ರ ಪದ್ಮಶ್ರೀ ಪಟ್ಟಿ. ಗಣರಾಜ್ಯೋತ್ಸವದ ದಿನದ ಪತ್ರಿಕೆಯಲ್ಲಿ ಕರ್ನಾಟಕದವರ ಹೆಸರುಗಳ ನಡುವೆ ಎರಡನ್ನು ನೋಡಿ ಎದ್ದು ಕೂತೆ. ಒಂದು, ನಮ್ಮ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ. ಇನ್ನೊಂದು, ಬೆಂಗಳೂರಿನ ಭರತ್ ಗೋಯೆಂಕಾ, ಟ್ಯಾಲಿ ಕಂಪನಿಯವರು. ತುಳಸಜ್ಜಿಯ ಸುದ್ದಿಗೆ ನಮ್ಮ ಕಡೆ ಊರೆಲ್ಲ ಹಬ್ಬ. ಎರಡನೆಯ ಹೆಸರಿಗೆ ನಮ್ಮ ಕಡೆ ಕುತೂಹಲಪಟ್ಟವಳು ಬಹುಶಃ ನಾನೊಬ್ಬಳೇ ಇರಬೇಕು. ಅದಕ್ಕೆ ಕಾರಣ ನನ್ನ ಅಣ್ಣ.

ಅಣ್ಣ ಅಂಕೋಲೆ ಪೇಟೆಯ ಒಂದು ಸಗಟು ಅಂಗಡಿಯಲ್ಲಿ ಇಪ್ಪತ್ತೈದು ವರ್ಷ ಲೆಕ್ಕ ಬರೆದವನು. ಅಂಗಡಿಯ ಹೆಸರು ಇಲ್ಲಿ ಬೇಡ. ಕಿರ್ದಿ, ಖತಾವಣಿ, ಅಡಾವೆ ಎಂಬ ಮೂರು ಶಬ್ದಗಳ ಒಳಗೇ ಅವನ ಪ್ರಪಂಚ. ದೀಪಾವಳಿಯ ಅಂಗಡಿ ಪೂಜೆಗೆ ಕೆಂಪು ಬಟ್ಟೆಯ ಹೊಸ ಕಿರ್ದಿ ಪುಸ್ತಕದ ಮೇಲೆ ಮೊದಲು ‘ಶ್ರೀ’ ಬರೆಯುವುದು ಯಜಮಾನರಲ್ಲ, ಅವನೇ. 2001ರಲ್ಲಿ ಯಜಮಾನರ ಮಗ ಹುಬ್ಬಳ್ಳಿಯಿಂದ ಕಂಪ್ಯೂಟರ್ ತಂದ, ಅದರಲ್ಲಿ ಟ್ಯಾಲಿ. ನಲವತ್ತೆರಡರ ಅಣ್ಣ ಸಂಜೆ ಹೊತ್ತು ಕಂಪ್ಯೂಟರ್ ಕ್ಲಾಸಿಗೆ ಹೋಗಿ ಪಿ.ಯು.ಸಿ. ಮುಗಿಸಿದ ಹುಡುಗಿಯರ ನಡುವೆ ಕೂತು ಕಲಿತ. ಎಫ್ 5 ಒತ್ತಿದರೆ ಪಾವತಿ, ಎಫ್ 6 ಜಮೆ, ಎಫ್ 8 ಮಾರಾಟ, ಎಫ್ 9 ಖರೀದಿ ಎಂದು ಸಿಗರೇಟು ಪೆಟ್ಟಿಗೆಯ ರಟ್ಟಿನ ಮೇಲೆ ಕನ್ನಡದಲ್ಲಿ ಬರೆದು ಅಂಗಿಯ ಕಿಸೆಯಲ್ಲಿಟ್ಟುಕೊಂಡಿದ್ದ. ಒಂದು ವರ್ಷ ಪೂರ್ತಿ, ಯಾರಿಗೂ ಹೇಳದೆ, ರಾತ್ರಿ ಮನೆಯಲ್ಲಿ ಅದೇ ಲೆಕ್ಕವನ್ನು ಪುಸ್ತಕದಲ್ಲೂ ಬರೆದ. ಮಾರ್ಚ್ ಕೊನೆಗೆ ಎರಡನ್ನೂ ತಾಳೆ ನೋಡಿದ. ಒಂದು ಪೈಸೆಯ ವ್ಯತ್ಯಾಸವೂ ಬರಲಿಲ್ಲ. ಅತ್ತಿಗೆ ಹೇಳುವಂತೆ ಆ ರಾತ್ರಿ ಅವನು ಊಟ ಮಾಡಲಿಲ್ಲ.

2004ರಲ್ಲಿ ಅಂಗಡಿಯವರು ಅವನನ್ನು ಬಿಡಿಸಿದರು. ಇಬ್ಬರ ಕೆಲಸ ಒಬ್ಬರಿಂದ ಆಗುತ್ತದೆ, ಆ ಒಬ್ಬರಿಗೆ ಪಗಾರವೂ ಕಮ್ಮಿ ಸಾಕು. ಆಮೇಲೆ ಅಣ್ಣ ಹಳೆಯ ಕಂಪ್ಯೂಟರೊಂದನ್ನು ಕೊಂಡು ಅವರ್ಸೆ, ಬೇಲೇಕೇರಿ ಕಡೆಯ ಸಣ್ಣ ಸಣ್ಣ ಅಂಗಡಿಗಳ ಲೆಕ್ಕವನ್ನು ಮನೆಯಲ್ಲೇ ಬರೆಯತೊಡಗಿದ. ಅದೂ ಟ್ಯಾಲಿಯಲ್ಲೇ. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಕೈಬರಹದ ಅಂಗಡಿಗಳೆಲ್ಲ ಕಂಗಾಲಾದವು, ಅಣ್ಣನಿಗೆ ಜೀವನದಲ್ಲಿ ಎಂದೂ ಇಲ್ಲದಷ್ಟು ಕೆಲಸ ಸಿಕ್ಕಿತು. ಅನ್ನ ಕಸಿದುಕೊಂಡದ್ದೂ ಅದೇ, ಅನ್ನ ಹಾಕಿದ್ದೂ ಅದೇ.

2020ರ ಆ ಬೆಳಿಗ್ಗೆ ಅವನಿಗೆ ಫೋನು ಮಾಡಿ ಟ್ಯಾಲಿ ಮಾಡಿದವರಿಗೆ ಪದ್ಮಶ್ರೀ ಬಂತು ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಅದನ್ನ ಒಬ್ಬ ಮನುಷ್ಯ ಮಾಡಿದ್ದೇನೇ?’ ಎಂದ. ಸುಮಾರು ಇಪ್ಪತ್ತು ವರ್ಷ ಅದರ ಎದುರು ಕೂತವನಿಗೆ ಅದು ಮಳೆಯ ಹಾಗೆ ಎಲ್ಲಿಂದಲೋ ಬಂದದ್ದೆಂಬ ಭಾವನೆ ಇತ್ತು.

ನಾನು ಓದಿದ್ದನ್ನು ಹೇಳಿದೆ. ಭರತ್ ಗೋಯೆಂಕಾ ಅವರ ತಂದೆ ಶ್ಯಾಮಸುಂದರ ಗೋಯೆಂಕಾ ಗಿರಣಿಗಳಿಗೆ ಕಚ್ಚಾಮಾಲು, ಯಂತ್ರದ ಬಿಡಿಭಾಗ ಒದಗಿಸುವ ವ್ಯಾಪಾರದವರು. ತಮ್ಮ ಲೆಕ್ಕಕ್ಕೆ ಒಪ್ಪುವ ಸಾಫ್ಟ್‌ವೇರ್ ಸಿಗದೆ, ಗಣಿತ ಓದಿದ ಮಗನಿಗೇ ಒಂದನ್ನು ಬರೆದುಕೊಡು ಎಂದರು. 1986ರಲ್ಲಿ ತಂದೆ ಮಗ ಸೇರಿ ಕಂಪನಿ ಕಟ್ಟಿದರು. ಆಗ ಅದರ ಹೆಸರು ಪ್ಯೂಟ್ರಾನಿಕ್ಸ್. ಟ್ಯಾಲಿ ಸೊಲ್ಯೂಷನ್ಸ್ ಎಂದಾದದ್ದು 1999ರಲ್ಲಿ. ಅಣ್ಣ ಎಲ್ಲ ಕೇಳಿ, ‘ಅಪ್ಪ ಅಂಗಡಿಯಂವನೇ ಇರಬೇಕು ಅಂತ ನನಗೆ ಅನಿಸ್ತಿತ್ತು. ಲೆಕ್ಕ ಗೊತ್ತಿಲ್ಲದಂವ ಮಾಡಿದ್ದಲ್ಲ ಅದು. ಎರಡೂ ಬದಿ ಸಮ ಆಗದೆ ಮುಂದೆ ಹೋಗೂಕೆ ಬಿಡೂದಿಲ್ಲ’ ಎಂದ. ಸ್ವಲ್ಪ ತಡೆದು, ‘ಒಳ್ಳೇದಾಯ್ತು, ಕೊಡಲಿ’ ಎಂದ.

ನನ್ನ ಪಾಲಿಗೆ ಪ್ರಶಸ್ತಿಪತ್ರವೆಂದರೆ ಅಣ್ಣನ ಆ ಮಾತು. ಅದರಲ್ಲಿ ಹೆಸರು ಬದಲಾಯಿಸಲು ಬರುವುದಿಲ್ಲ.

ಅವನಿಗೊಂದು ತಕರಾರೂ ಇತ್ತು, ಅದು ಒಂದು ಕಂಪನಿಯ ಮೇಲಲ್ಲ, ಕಂಪ್ಯೂಟರ್ ಲೆಕ್ಕದ ಪದ್ಧತಿಯ ಮೇಲೆಯೇ. ಕಿರ್ದಿಯಲ್ಲಿ ತಪ್ಪಾದರೆ ರಬ್ಬರ್ ಹಾಕುವ ಹಾಗಿಲ್ಲ. ತಪ್ಪಿದ ಅಂಕಿ ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿ ಅಂಕಿ ಬರೆದು ಸಹಿ ಹಾಕಬೇಕು. ಕಂಪ್ಯೂಟರಿನಲ್ಲಿ ಹೋದ ತಿಂಗಳ ನಮೂದನ್ನು ಇವತ್ತು ತೆರೆದು ತಿದ್ದಿಟ್ಟು, ಹಾಗೆ ಇದ್ದದ್ದೇ ಎಂಬಂತೆ ಮುಚ್ಚಿಡುವವರನ್ನು ಅವನು ಬಹಳ ಜನ ಕಂಡಿದ್ದ. ‘ತಪ್ಪಿಗೆ ನೆನಪೇ ಇಲ್ಲದಂಥ ಲೆಕ್ಕ’ ಎನ್ನುತ್ತಿದ್ದ. ನಾವು ನಗುತ್ತಿದ್ದೆವು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್ ಯಾವುದೇ ಇರಲಿ, ಪ್ರತಿ ತಿದ್ದುಪಡಿಯೂ ದಿನಾಂಕ ಸಹಿತ ದಾಖಲಾಗಬೇಕು, ಆ ದಾಖಲೆಯನ್ನು ಯಾರೂ ಬಂದ್ ಮಾಡಲು ಆಗಬಾರದು ಎಂದು ಕೇಂದ್ರ ಸರಕಾರದ ನಿಯಮ ಜಾರಿಗೆ ಬಂತು. ಅಂಕೋಲೆಯ ಗುಮಾಸ್ತನೊಬ್ಬ ಇಪ್ಪತ್ತು ವರ್ಷದ ಹಿಂದೆ ಹೇಳಿದ್ದು ದಿಲ್ಲಿಗೆ ಕೇಳಿಸಿತೆಂದಲ್ಲ. ಆದರೆ ಇಂಥ ಸಾವಿರಾರು ಗುಮಾಸ್ತರಿಗೆ ತಿಳಿದಿದ್ದ ಮಾತು ಯಾವ ಸಮಾರಂಭದ ವೇದಿಕೆಗೂ ಬರಲಿಲ್ಲ. ಪ್ರಶಸ್ತಿಪತ್ರಗಳಲ್ಲಿ ನನಗೆ ಕಾಣುವ ದೊಡ್ಡ ಊನ ಇದು. ಅವುಗಳಲ್ಲಿ ಜಮೆಯ ಬದಿ ಮಾತ್ರ ಇರುತ್ತದೆ. ಯಾರ ಕೆಲಸ ಹೋಯಿತು, ಏನು ತಪ್ಪಾಗಿತ್ತು, ಅದನ್ನು ಹೇಗೆ ಸರಿಮಾಡಿದರು ಎಂಬುದಕ್ಕೆ ಅಂಕಣವನ್ನೇ ಬಿಟ್ಟಿರುವುದಿಲ್ಲ.

ಇನ್ನು ತುಳಸಜ್ಜಿ. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ, ಹಾಲಕ್ಕಿ ಉಡುಗೆಯಲ್ಲಿ ಅವರು ನಡೆದುಬಂದ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. ಚಿತ್ರ ನೋಡಿ ಮೆಚ್ಚಿದವರು ಅವರ ವಿದ್ಯೆಯ ಬಗ್ಗೆ ಹೆಚ್ಚು ಕೇಳಲಿಲ್ಲ. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ಮೂವತ್ತಕ್ಕೂ ಮಿಕ್ಕಿ ವರ್ಷ ದಿನಗೂಲಿಯಾಗಿ, ಆಮೇಲೆ ಕಾಯಂ ಆಗಿ ದುಡಿದವರು ಅವರು. ಕಾಡಿನಲ್ಲಿ ಒಂದೇ ಜಾತಿಯ ಮರ ನೂರಿದ್ದರೆ ಅವುಗಳಲ್ಲಿ ತಾಯಿಮರ ಯಾವುದು, ಅದರ ಬೀಜ ಯಾವ ಹೊತ್ತಿಗೆ ಎತ್ತಬೇಕು, ಅದು ಮೊಳೆಯಲು ಏನು ಮಾಡಬೇಕು ಎಂಬುದು ಓದು ಬರಹ ಬಾರದ ಅವರಿಗೆ ಕರತಲಾಮಲಕ. ಇದನ್ನು ತಂತ್ರಜ್ಞಾನ ಎನ್ನದೆ ಬೇರೆ ಏನೆನ್ನಬೇಕು? ಪದ್ಮ ಪಟ್ಟಿಯಲ್ಲಿ ಗೋಯೆಂಕಾ ಅವರದು ‘ವಾಣಿಜ್ಯ ಮತ್ತು ಉದ್ಯಮ’, ತುಳಸಜ್ಜಿಯದು ‘ಸಮಾಜಸೇವೆ’. ಕೂಲಿಗೆ ಮಾಡಿದ ಕೆಲಸ, ಬೆವರು ಸುರಿಸಿ ಕಲಿತ ಕಸುಬು ಹೆಂಗಸಿನದಾದರೆ ಸೇವೆ ಎನಿಸಿಕೊಳ್ಳುವುದು ನಮಗೇನು ಹೊಸದಲ್ಲ. 2024ರ ಡಿಸೆಂಬರ್ 16ರಂದು ಅವರು ಹೊನ್ನಳ್ಳಿಯಲ್ಲೇ ತೀರಿಕೊಂಡರು.

ಕಾರವಾರದಲ್ಲಿ ಕೂತು ತಂತ್ರಜ್ಞಾನದ ಮಾತಾಡಿ ಕೈಗಾದ ಹೆಸರೆತ್ತದಿದ್ದರೆ ಆದೀತೆ? ಆ ಸ್ಥಾವರದ ಬಗ್ಗೆ ನಮ್ಮ ಮನಸ್ಸು ಇಂದಿಗೂ ಒಂದಾಗಿಲ್ಲ. ಅದನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಇಲ್ಲಿಂದ ಲೋಕಸಭೆಗೆ ನಿಂತು ಸೋತದ್ದು ಹಿರಿಯರಿಗೆ ನೆನಪಿದೆ. ಆ ಜಗಳ ಇಲ್ಲಿ ಬೇಡ. ಅದರ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರ ವರೆಗೆ, 962 ದಿನ ಒಮ್ಮೆಯೂ ನಿಲ್ಲದೆ ನಡೆದು ಆಗ ಜಗತ್ತಿನ ದಾಖಲೆ ಮುರಿಯಿತು. ನಮ್ಮ ಶಾಲೆಯ ಎಷ್ಟೋ ಮಕ್ಕಳ ತಂದೆಯರು ಆ ದಿನಗಳಲ್ಲಿ ಪಾಳಿ ಮೇಲೆ ಹೋದವರು. ಪಾಲಕರ ಸಭೆಗೆ ಬಂದ ಒಬ್ಬರನ್ನು ಅಭಿನಂದಿಸಿದೆ. ‘ನಾವೇನು ಮಾಡ್ಲಿಲ್ಲ ಟೀಚರ್, ಏನೂ ಆಗದ ಹಾಗೆ ನೋಡ್ಕೊಂಡ್ವಿ’ ಎಂದರು. ಏನೂ ಆಗದ ಹಾಗೆ ನೋಡಿಕೊಂಡವರಿಗೆ ಯಾವ ನಾಯಕತ್ವದ ಪ್ರಶಸ್ತಿಯಲ್ಲಿ ಜಾಗವಿದೆಯೋ ನಾನರಿಯೆ.

ತಂತ್ರಜ್ಞರ ಕುರ್ಚಿಯ ಹಿಂದೆ ಏನಿರುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆದವರು ನಮ್ಮ ಜಿಲ್ಲೆಯವರೇ. ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪ್ಲಾಸ್ಟಿಕ್ ಉದ್ಯಮದ ದೊಡ್ಡ ಹುದ್ದೆಯಲ್ಲಿದ್ದ ಪಾಲಿಮರ್ ತಂತ್ರಜ್ಞರು. ಇಂದಿನ ಭಾಷೆಯಲ್ಲಿ ಹೇಳಬೇಕೆಂದರೆ ಅವರೂ ಒಬ್ಬ ‘ಟೆಕ್ನಾಲಜಿ ಎಕ್ಸಿಕ್ಯೂಟಿವ್’. 1979ರ ಅವರ ‘ಶಿಕಾರಿ’ಯಲ್ಲಿ ನಾಗಪ್ಪನೆಂಬ ಅಧಿಕಾರಿಯನ್ನು ಕಾರಣ ಸರಿಯಾಗಿ ತಿಳಿಸದೆ ಕೆಲಸದಿಂದ ಅಮಾನತು ಮಾಡುತ್ತಾರೆ. ಯಾರು ಬೇಟೆಗಾರ, ಯಾರು ಬೇಟೆ ಎಂದು ತಿಳಿಯದ ಭಯದಲ್ಲಿ ಅವನು ಮುಂಬಯಿ ತುಂಬ ಅಲೆಯುತ್ತಾನೆ. ಮೂರು ದಿನ ಬಿನ್ನವತ್ತಳೆ ಬಾರದೆ ಕಂಗೆಟ್ಟಾಗ ಈ ಪುಸ್ತಕ ತೆಗೆದು ಅಲ್ಲಲ್ಲಿ ಓದಿದೆ. ಕಂಪನಿ ತನ್ನ ದೊಡ್ಡವರನ್ನು ಎತ್ತುವ ಭಾಷೆಯೂ ಬೀಳಿಸುವ ಭಾಷೆಯೂ ಒಂದೇ ಎನ್ನುವುದು ಆಗ ಹೊಳೆಯಿತು. ಎರಡರಲ್ಲೂ ಮನುಷ್ಯ ಏನು ಮಾಡಿದ ಎಂಬ ನೇರ ಮಾತು ಇರುವುದಿಲ್ಲ. ಚಿತ್ತಾಲರಿಗೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ‘ಕಥೆಯಾದಳು ಹುಡುಗಿ’ಗೆ. ಕುರ್ಚಿಯ ಮೇಲೆ ಕೂತು ಅವರು ಮಾಡಿದ ಕೆಲಸವನ್ನು ಈಗ ನೆನೆಸುವವರು ಎಷ್ಟು ಜನ?

ಪುಸ್ತಕ ಮುಚ್ಚಿಟ್ಟು ಶಿಷ್ಯನಿಗೇ ಫೋನು ಮಾಡಿದೆ. ‘ನೀನು ಏನು ಮಾಡಿದೆ ಅನ್ನೋದನ್ನ ಒಂದು ವಾಕ್ಯದಲ್ಲಿ ಹೇಳು ಮಾರಾಯಾ. ಏಳನೇತ್ತೆ ಹುಡುಗರಿಗೆ ತಿಳಿಯೋ ಹಾಗೆ’ ಎಂದೆ. ಅವನು ನಕ್ಕ, ಆಮೇಲೆ ಸುಮ್ಮನಾದ. ನಾಳೆ ಹೇಳುತ್ತೇನೆ ಅಕ್ಕೋರೆ ಎಂದ. ಮರುದಿನ ಅವನೇ ಮಾಡಿದ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವಾಗ ನಡುವೆ ಕೆಟ್ಟರೆ ಒಬ್ಬರ ಖಾತೆಯಿಂದ ಹಣ ಕಡಿತವಾಗಿ ಇನ್ನೊಬ್ಬರಿಗೆ ಮುಟ್ಟದೆ ಉಳಿಯುತ್ತದೆಯಲ್ಲ, ಅಂಥ ಹಣವನ್ನು ಗಿರಾಕಿ ದೂರು ಕೊಡುವ ಮೊದಲೇ ಹುಡುಕಿ ಮರಳಿಸುವ ಒಂದು ವ್ಯವಸ್ಥೆಯನ್ನು ಅವನ ತಂಡ ಕೆಲವು ಬ್ಯಾಂಕುಗಳಿಗೆ ಮಾಡಿಕೊಟ್ಟಿದೆ. ‘ನಿಜ ಹೇಳ್ಬೇಕಂದ್ರೆ ಅಕ್ಕೋರೆ, ಅದನ್ನ ಯೋಚನೆ ಮಾಡಿ ಬರೆದಿದ್ದು ನಮ್ಮಲ್ಲಿದ್ದ ಒಬ್ಬ ಹುಡುಗಿ. ಅವಳ ತಾಯಿಯ ಪಿಂಚಣಿ ಹಣ ಹಾಗೆ ಸಿಕ್ಕಿಬಿದ್ದಿತ್ತು. ಇದಕ್ಕೆ ಸಮಯ ಬೇಕು ಅಂದಳು. ಮೇಲಿನವರು ಬೇಡ ಅಂದ್ರು, ನಾನು ಕೊಟ್ಟೆ. ನಾನು ಮಾಡಿದ್ದು ಅಷ್ಟೇ. ಅವಳು ಈಗ ಕೆಲಸ ಬಿಟ್ಟಿದ್ದಾಳೆ.’

ಬಿನ್ನವತ್ತಳೆ ಅರ್ಧ ಗಂಟೆಯಲ್ಲಿ ಮುಗಿಯಿತು. ಹುಡುಗ ಹೇಳಿದ್ದನ್ನೇ ಬರೆದೆ. ಮೇಲಿನವರು ಬೇಡವೆಂದಾಗ ಒಬ್ಬಳಿಗೆ ಸಮಯ ಕೊಟ್ಟ ಎಂಬುದು ನನ್ನ ಕಣ್ಣಿಗೆ ದೊಡ್ಡ ಕೆಲಸವಾಗಿಯೇ ಕಂಡಿತು, ಆ ವಾಕ್ಯವನ್ನು ನಡುವೆ ಇಟ್ಟೆ. ಬರೆದವಳ ಪ್ರಸ್ತಾಪವನ್ನೂ ಅದರ ಪಕ್ಕದಲ್ಲೇ ಇಟ್ಟೆ. ನಾಲ್ಕು ದಿನಕ್ಕೆ ಕಾರ್ಯದರ್ಶಿಗಳ ಫೋನು ಬಂತು. ಬಹಳ ಚೆನ್ನಾಗಿದೆ, ಆದರೆ ಚೌಕಟ್ಟಿನಲ್ಲಿ ಜಾಗ ಸಾಲದು, ಒಂದು ವಾಕ್ಯ ತೆಗೆಯಬೇಕಾಯಿತು ಎಂದರು. ಯಾವುದೆಂದು ಕೇಳಿದೆ.

‘ಆ ಹುಡುಗಿದು. ಅವಳು ಅಂಕೋಲೆಯವಳು ಅಲ್ಲವಲ್ಲ ಅಕ್ಕೋರೆ.’

ಸತ್ಕಾರದ ದಿನ ಅಣ್ಣನನ್ನೂ ಕರೆದುಕೊಂಡು ಹೋಗಿದ್ದೆ. ಸಭಾಭವನದಲ್ಲಿ ಫ್ಯಾನು ತಿರುಗುತ್ತಿದ್ದರೂ ಸೆಕೆ. ಶಾಲು, ಫಲ, ಹಾರ ಎಲ್ಲ ಆಯಿತು. ಬಿನ್ನವತ್ತಳೆ ಓದಿದವರು ನನ್ನ ವಾಕ್ಯಗಳ ನಡುವೆ ತಮ್ಮದೊಂದು ‘ದೂರದೃಷ್ಟಿಯ ಹರಿಕಾರ’ವನ್ನು ಸೇರಿಸಿ ಓದಿದರು, ಜನ ಅದಕ್ಕೇ ಚಪ್ಪಾಳೆ ತಟ್ಟಿದರು. ಶಿಷ್ಯ ಮಾತಿಗೆ ನಿಂತು ಚೌಕಟ್ಟನ್ನು ಕೈಯಲ್ಲಿ ಹಿಡಿದು ಒಂದು ಸಲ ಮೇಲಿನಿಂದ ಕೆಳಗೆ ಓದಿಕೊಂಡ. ಇದರಲ್ಲಿ ಒಬ್ಬರ ಹೆಸರು ಬಿಟ್ಟುಹೋಗಿದೆ ಎಂದು ಆ ಹುಡುಗಿಯ ಹೆಸರು, ಊರು ಎರಡನ್ನೂ ಹೇಳಿದ. ಊರು ಗದಗ ಕಡೆಯದು. ಪಕ್ಕದಲ್ಲಿದ್ದ ಅಣ್ಣ ಕಿಸೆಯಿಂದ ಪೆನ್ನು ತೆಗೆದು ಆಮಂತ್ರಣ ಪತ್ರಿಕೆಯ ಹಿಂದೆ ಎರಡನ್ನೂ ಬರೆದುಕೊಂಡ.